ಆರತಿ ತಟ್ಟೆಗೊಂದು ಬೆಕ್ಕು

ದೀಪಾವಳಿ ಪಾಡ್ಯದ ದಿನ ಹೆಂಡತಿ ಆರತಿ ಎತ್ತಿದಾಗ ಗಂಡ ತಟ್ಟೆಗೆ ಏನಾದರೂ ಕಾಣಿಕೆ ಹಾಕಬೇಕು. ಗೋಕಾಕದ ಗುರುರಾಜ ಹೋದ ವರ್ಷ ಕುಕ್ಕರಿನ ರಬ್ಬರು ಹಾಕಿದ್ದ. ಹೊಸದೇ, ಕವರಿನ ಸಮೇತ. ಅವನ ಪ್ರಕಾರ ಅದು ದಿನಾಲೂ ಉಪಯೋಗಕ್ಕೆ ಬರುವ ವಸ್ತು. ಹೆಂಡತಿ ದಾನೇಶ್ವರಿಯ ಪ್ರಕಾರ ಗಂಡನ ತಲೆಯೊಳಗೆ ಏನೂ ಇಲ್ಲ ಎಂಬುದಕ್ಕೆ ಸಾಕ್ಷಿ.

"ಬಂಗಾರ ಕೇಳಾಕತ್ತಿಲ್ಲ ನಾ," ಎಂದು ಈ ಸಲ ಆಕೆ ಮೊದಲೇ ಹೇಳಿಬಿಟ್ಟಿದ್ದಳು. "ನನ್ನ ಸಲುವಾಗಿ ಒಂದೀಟು ವಿಚಾರ ಮಾಡಿ ಏನರ ತರ್ರಿ. ಇಲ್ಲಾಂದ್ರ ಮರುದಿನ ಮುಂಜಾನೆ ನಾ ಮುದಲಗಿಗೆ ಹೊಂಟೆ. ನೀವ ರೊಟ್ಟಿ ಬಡಕೊಳ್ರಿ."

ಹೊಳೆಯಾಚೆಯ ಮುದಲಗಿ ಅವಳ ತವರು. ಗುರುರಾಜನಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಹೆಂಡತಿಯಿಲ್ಲದ ಮನೆಯಲ್ಲಿ ನಿದ್ದೆಯೂ ಬರುವುದಿಲ್ಲ.

ಪಾಪ, ವಿಚಾರ ಮಾಡಿದ. ಆಕೆ ಒಮ್ಮೆ ಮೊಬೈಲಿನಲ್ಲಿ ಬೆಕ್ಕಿನ ವಿಡಿಯೋ ನೋಡಿ "ಎಷ್ಟ ಚೆಂದ ಐತಿ" ಅಂದದ್ದು ನೆನಪಾಯಿತು. ಅವನು ನೌಕರಿ ಮಾಡುವ ಹುಕ್ಕೇರಿಯಲ್ಲಿ ಚಹಾದಂಗಡಿ ಶಿವಕುಮಾರನ ಒಲೆಯ ಬದಿಗೆ ಒಂದು ಬೆಕ್ಕು ಬಂದು ಸೇರಿತ್ತು. ಯಾರೋ ಚೀಲದಲ್ಲಿ ಕಟ್ಟಿ ರಸ್ತೆ ಬದಿ ಬಿಟ್ಟು ಹೋಗಿದ್ದರಂತೆ. ಮಸಿ, ಆಯಿಲ್ ಮೆತ್ತಿಕೊಂಡು ಅದರ ಬಣ್ಣವೇ ತಿಳಿಯುತ್ತಿರಲಿಲ್ಲ. ಸೀರೆಯನ್ನು ಯಾರಾದರೂ ತರುತ್ತಾರೆ, ದಿಕ್ಕಿಲ್ಲದ ಜೀವವನ್ನು ಉಳಿಸಿ ತಂದುಕೊಟ್ಟರೆ ಯಾವ ಹೆಣ್ಣಿನ ಮನಸ್ಸು ಕರಗದು ಎಂದು ಅವನ ಲೆಕ್ಕ. ಬೇಡಪ್ಪಾ ಎನ್ನುವವರು ಒಬ್ಬರೂ ಹತ್ತಿರವಿರಲಿಲ್ಲ.

ಪಾಡ್ಯದ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿದವನೇ ಬೈಕ್ ಹೊರತೆಗೆದ.

"ಹುಕ್ಕೇರಿಗೆ ಹೋಗಿ ಬರ್ತೀನಿ. ಆಫೀಸಿನ ಕೆಲಸ ಐತಿ."

"ಪಾಡ್ಯದ ದಿನ ಯಾವ ಆಫೀಸ್ ತಗದಿರತೈತ್ರಿ?"

"ಅರ್ಜೆಂಟ್ ಐತಿ," ಎಂದು ಗುರುರಾಜ ಕಿವಿ ತುರಿಸಿಕೊಂಡ. ಸುಳ್ಳು ಹೇಳುವಾಗ ಅವನ ಕಿವಿ ತುರಿಸುತ್ತದೆ ಎಂಬುದು ದಾನೇಶ್ವರಿಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಆಕೆ ಅವನ ಬೆನ್ನನ್ನೇ ನೋಡುತ್ತ ನಿಂತಳು.

ಮಧ್ಯಾಹ್ನ ಬಟ್ಟೆ ಮುಚ್ಚಿದ ಬುಟ್ಟಿಯೊಂದಿಗೆ ಮರಳಿದವನು ತನ್ನ ಮನೆಗೆ ಹೋಗದೆ ಬಾಜೂ ಮನೆಯ ಕೀಲಿ ತೆಗೆದ. ಆ ಮನೆಯ ದುಂಡಪ್ಪ ಹಬ್ಬಕ್ಕೆಂದು ಅಂಕಲಗಿಯ ಮಗಳ ಮನೆಗೆ ಹೋಗುವಾಗ ಕೀಲಿಯನ್ನು ಇವನ ಕೈಗೆ ಕೊಟ್ಟಿದ್ದ. ಸ್ವಲ್ಪ ಹೊತ್ತಿಗೆ ಗುರುರಾಜ ಕಳ್ಳನಂತೆ ತನ್ನ ಮನೆಗೆ ನುಗ್ಗಿ ಶಾಂಪೂ, ದಾನೇಶ್ವರಿಯ ಬಾಚಣಿಗೆ, ಒಂದು ಲೋಟ ಹಾಲು ತೆಗೆದುಕೊಂಡು ಹೋದ. ಎದುರು ಮನೆಯ ಬಾಳವ್ವ ಇದನ್ನೆಲ್ಲ ನೋಡಿದಳು. ಆಕೆಯ ಕಣ್ಣು ತಪ್ಪಿಸಿ ಆ ಓಣಿಯಲ್ಲಿ ಸೊಳ್ಳೆಯೂ ಹಾರಿದ್ದಿಲ್ಲ. ಹೋಗಿ ದುಂಡಪ್ಪನ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ನೀರು ಸುರಿಯುವ ಸಪ್ಪಳ, ಜೊತೆಗೆ ಗುರುರಾಜನ ದನಿ.

"ಸಿಟ್ಟಾಗಬ್ಯಾಡ ನನ್ನ ಬಂಗಾರಿ. ಸಂಜೀತನಕ ಗಪ್ ಇರು. ಎಲ್ಲಾರ ಮುಂದ ನಿನ್ನ ಮನಿ ತುಂಬಿಸಿಕೋತೀನಿ."

ಬಾಳವ್ವ ಹಿತ್ತಲ ಬಾಗಿಲಿನಿಂದ ದಾನೇಶ್ವರಿಯ ಅಡುಗೆಮನೆಗೆ ಬಂದಳು. "ನನಗ್ಯಾಕ ಬೇಕವ್ವಾ ಮಂದಿ ಸಂಸಾರ," ಎಂದು ಸುರುಮಾಡಿ ಒಂದಕ್ಷರ ಬಿಡದೆ ಹೇಳಿದಳು. "ಜಳಕಾ ಮಾಡಸಾಕತ್ತಾನ ನೋಡು. ನಿನ್ನ ಬಾಚಣಿಗಿ ಸೈತ ಒಯ್ದಾನ."

ಹೋಳಿಗೆ ಲಟ್ಟಿಸುತ್ತಿದ್ದ ದಾನೇಶ್ವರಿಯ ಕೈ ನಿಂತಿತು. ಅಷ್ಟರಲ್ಲಿ ಗುರುರಾಜ ಒದ್ದೆ ಅಂಗಿಯಲ್ಲಿ ಒಳಗೆ ಬಂದ. ಕುತ್ತಿಗೆಯ ಮೇಲೆ ಕೆಂಪು ಗೆರೆಗಳಿದ್ದವು.

"ಕುತಗಿಗೇನಾತ್ರಿ?"

"ಆಫೀಸಿನ ಕಪಾಟು ತರಚಿತು."

"ಕಪಾಟಿಗೆ ಉಗುರು ಬಂದಾವೇನ್ರಿ ಈಗ?"

ಗುರುರಾಜ ಕಿವಿ ತುರಿಸಿಕೊಂಡ. ದಾನೇಶ್ವರಿ ಕೋಣೆಗೆ ಹೋಗಿ, ಅಳುತ್ತಲೇ ಬ್ಯಾಗಿಗೆ ಸೀರೆ ತುಂಬತೊಡಗಿದಳು. ಕಪಾಟು ತೆರೆದ ಸಪ್ಪಳ ಕೇಳಿದ ಅವನು, ಸಂಜೆಗೆ ಹೊಸ ಸೀರೆ ಆರಿಸುತ್ತಿದ್ದಾಳೆ ಎಂದು ಖುಷಿಪಟ್ಟ.

ಸಂಜೆ ಓಣಿಯ ಹೆಂಗಸರೆಲ್ಲ ಉಪ್ಪು, ಅರಿಷಿಣ ಎಂದು ನೆಪ ಮಾಡಿಕೊಂಡು ಬಂದು ಪಡಸಾಲೆ ತುಂಬಿದರು. ದಾನೇಶ್ವರಿ ಆರತಿ ತಟ್ಟೆ ಹಿಡಿದು ನಿಂತಳು. ಕಣ್ಣು ಊದಿದ್ದವು.

"ಯಾರನ್ನ ಮನಿ ತುಂಬಿಸಿಕೊಳ್ಳಾವ್ರಿದ್ರಿ, ಕರಕೊಂಡು ಬರ್ರಿ. ನಾನೂ ನೋಡ್ತೀನಿ."

ಗುಟ್ಟು ಹೇಗೆ ಗೊತ್ತಾಯಿತೆಂದು ಗುರುರಾಜನಿಗೆ ಆಶ್ಚರ್ಯ. ಓಡಿಹೋಗಿ ಬುಟ್ಟಿ ತಂದು ಆಕೆಯ ಮುಂದಿಟ್ಟ. ಬುಟ್ಟಿಯ ಗಾತ್ರ ನೋಡಿಯೇ ಬಾಳವ್ವನ ಮುಖ ಸಪ್ಪಗಾಯಿತು. ಬಟ್ಟೆ ಸರಿಸಿದರೆ, ಹತ್ತಿಯಷ್ಟು ಬೆಳ್ಳಗಾದ ಬೆಕ್ಕು ಮುಖ ಹುದುಗಿಸಿ ಮಲಗಿತ್ತು.

"ದಿಕ್ಕಿಲ್ಲದ ಜೀವ. ನಿನ್ನ ಸಲುವಾಗಿ ಉಳಿಸಿ ತಂದೀನಿ," ಎಂದ.

ದಾನೇಶ್ವರಿಗೆ ಅಳು, ನಗು ಒಟ್ಟಿಗೇ ಬಂದವು. "ಬೆಕ್ಕಿಗೆ ಜಳಕಾ ಮಾಡಸಾಕತ್ತಿದ್ರ್ಯಾ? ನಾ ಏನೇನೋ ತಿಳ್ಕೊಂಡಿದ್ದೆ. ಖರೇನ ವಿಚಾರ ಮಾಡಿ ತಂದೀರಿ." ಆಕೆ ಅವನನ್ನು ಹಾಗೆ ನೋಡಿ ಎಷ್ಟೋ ದಿನವಾಗಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಗುರುರಾಜ ಬದುಕುತ್ತಿದ್ದ. ಆದರೆ ಮೆಚ್ಚುಗೆ ಸಿಕ್ಕ ಗಂಡಸಿಗೆ ಭಾಷಣ ಬರುತ್ತದೆ.

"ಚೀಲದಾಗ ಕಟ್ಟಿ ಬಿಟ್ಟು ಹೋಗ್ಯಾರ್ರಿ ಇದನ್ನ. ಎಂಥಾ ಪಾಪಿಗಳಿರಬೇಕು. ಈ ಹಬ್ಬದ ದಿನ ದೀಪದ ಮುಂದ ನಿಂತು ಹೇಳ್ತೀನಿ, ಆ ಚೀಲ ಕಟ್ಟಿದವರ ಕೈ ಸೇದಿ ಹೋಗಲಿ. ಅವರ ಮನ್ಯಾಗ ಹಾಲು ಉಕ್ಕದಂಗಾಗಲಿ."

ಗದ್ದಲಕ್ಕೆ ಬೆಕ್ಕು ತಲೆ ಎತ್ತಿತು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಬುಟ್ಟಿಯಿಂದ ಇಳಿದು, ಯಾರನ್ನೂ ಕೇಳದೆ ನೇರ ಅಡುಗೆಮನೆಗೆ ಹೋಗಿ, ಕಟ್ಟೆಗೆ ಹಾರಿ, ಮೂಲೆಯ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದ ಹಾಲಿನ ಪಾತ್ರೆಯ ಮುಚ್ಚಳವನ್ನು ಮೂಗಿನಿಂದ ಸರಿಸಿತು.

ಬಾಳವ್ವನ ಬಾಯಿ ತಡೆಯಲಿಲ್ಲ. "ಹೊಳಿ ದಾಟಿಸಿ ಬಿಟ್ರ ಬೆಕ್ಕು ತಿರುಗಿ ಬರೂದಿಲ್ಲ ಅಂದಿದ್ದಿಯಲ್ಲ ದಾನವ್ವಾ? ನೀ ಚೀಲ ಕಟ್ಟಿದಿ, ನಾ ಟೆಂಪೋಕ್ಕ ಕೊಟ್ಟು ಕಳಿಸಿದೆ."

ಓಣಿಯ ಹಾಲನ್ನೆಲ್ಲ ಕುಡಿದು ಖಾಲಿ ಮಾಡುತ್ತಿದ್ದ ಬೆಕ್ಕು ಅದು. ಬೆಳಿಗ್ಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವ ಗುರುರಾಜ ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ದಾನೇಶ್ವರಿ ಆರತಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ತನ್ನ ಎರಡೂ ಕೈ ನೋಡಿಕೊಂಡಳು. "ಓಣಿ ಮಂದಿ ಮುಂದ ನನ್ನ ಕೈ ಸೇದಿ ಹೋಗಲಿ ಅಂದ್ರಿ. ಅದೂ ಪಾಡ್ಯದ ದಿನ."

"ನೀ ಅಂತ ನನಗೇನ ಗೊತ್ತ?" ಎಂದ ಗುರುರಾಜ.

ಮರುದಿನ ಮುಂಜಾನೆ ತುಂಬಿದ ಬ್ಯಾಗು ತುಂಬಿದಂತೆಯೇ ಮುದಲಗಿ ಬಸ್ಸು ಹತ್ತಿತು. ಕಿಟಕಿಯ ಕೆಳಗೆ ನಿಂತು ಬೇಡಿಕೊಳ್ಳುತ್ತಿದ್ದ ಗಂಡನಿಗೆ ದಾನೇಶ್ವರಿ ಹೇಳಿದಳು:

"ನಾನೂ ಈಗ ಹೊಳಿ ದಾಟಾಕತ್ತೇನಿ. ಕರಿಯಾಕ ಬರೂದಿದ್ರ ಬರ್ರಿ. ಆದ್ರ ಮೊದಲ ಆ ಬೆಕ್ಕನ್ನ ಇನ್ನೊಂದು ಸಲ ದಾಟಿಸಿ ಬರ್ರಿ. ಈ ಸಲ ಚೀಲ ನಿಮ್ಮ ಕೈಲೆ ಕಟ್ರಿ."