ಉಲ್ಕೆಗೊಂದು ಒತ್ತೆಪಾತ್ರೆ

ನಾನು ಓದಿದ ಕಾನ್ವೆಂಟಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸಿಸ್ಟರ್, ಮರದಿಂದ ಸೇಬು ಬಿದ್ದದ್ದನ್ನು ನೋಡಿ ಭೂಮಿಯ ಸೆಳೆತ ಕಂಡುಹಿಡಿದ ಮಹಾನುಭಾವರ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹುಡುಗಿಯರೆಲ್ಲ ಕೈಕಟ್ಟಿಕೊಂಡು ಬೆರಗಾಗುತ್ತಿದ್ದೆವು. ನನಗೆ ಮಾತ್ರ ಆಗಲೂ ಒಂದು ಅನುಮಾನವಿತ್ತು, ಕೇಳಲು ಧೈರ್ಯ ಸಾಲಲಿಲ್ಲ. ಆ ಸೇಬನ್ನು ಆಮೇಲೆ ಎತ್ತಿದವರು ಯಾರು? ಮದುವೆಯಾಗಿ ದೇವನಹಳ್ಳಿಯ ಈ ಮನೆಗೆ ಬಂದ ಮೇಲೆ ಉತ್ತರ ತಾನಾಗಿಯೇ ತಿಳಿಯಿತು. ಆ ಮಹಾನುಭಾವರ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಒಬ್ಬಳು ಇದ್ದಿರಲೇಬೇಕು. ಬೀಳುವುದು ವಸ್ತುಗಳ ಧರ್ಮ. ಬಿದ್ದದ್ದರ ಬಗ್ಗೆ ಯೋಚಿಸುವುದು ಗಂಡಸರ ಧರ್ಮ. ಬಗ್ಗಿ ಎತ್ತಿಡುವುದು ನಮ್ಮ ಧರ್ಮ. ನಮ್ಮ ಮನೆಯಲ್ಲಿ ಬೆಳಗಾದರೆ ತಂತಿಯ ಮೇಲಿನ ಪಂಚೆ ಬೀಳುತ್ತದೆ, ಯಜಮಾನರ ತೊಡೆಯಿಂದ ಪತ್ರಿಕೆಯ ಹಾಳೆಗಳು ಬೀಳುತ್ತವೆ, ಅತ್ತೆಯವರು ಬಿಡಿಸುವ ಹುಣಸೆ ಬೀಜ ಮೊರದಲ್ಲಿ ಬಿಟ್ಟು ಬೇರೆಲ್ಲ ಕಡೆ ಬೀಳುತ್ತವೆ. ಸಂಜೆಯ ಹೊತ್ತಿಗೆ ನನ್ನ ಸೊಂಟಕ್ಕೆ ಭೂಮಿಯ ಸೆಳೆತದ ಬಗ್ಗೆ ಯಾವ ಪಾಠವೂ ಬೇಕಾಗಿರುವುದಿಲ್ಲ.

ಇಷ್ಟು ಸಾಲದೆಂದು ನಮ್ಮ ಹಿತ್ತಲಲ್ಲಿ ಒಂದು ಬಾವಿಯಿದೆ. ಬಾವಿ ಇದ್ದ ಮೇಲೆ ಅದರೊಳಕ್ಕೆ ಏನಾದರೂ ಬೀಳಬೇಕು. ಹಾಗೆ ಬಿದ್ದದ್ದನ್ನು ತೆಗೆಯಲು ಪಾತಾಳಗರಡಿ ಇದೆ. ಒಂದು ಕಬ್ಬಿಣದ ಬಳೆ, ಅದರ ಸುತ್ತ ಬೆಕ್ಕಿನ ಉಗುರಿನಂತೆ ಬಾಗಿದ ಕೊಕ್ಕೆಗಳು. ಹಗ್ಗ ಕಟ್ಟಿ ಇಳಿಬಿಟ್ಟು ತಳದಲ್ಲಿ ಆಡಿಸಿದರೆ ಕೊಡದ ಕಂಠವೋ ಬಕೆಟ್ಟಿನ ಹಿಡಿಯೋ ಸಿಕ್ಕಿಕೊಂಡು ಮೇಲೆ ಬರುತ್ತದೆ. ನಮ್ಮ ಬೀದಿಗೆಲ್ಲ ಇದು ನಮ್ಮ ಮನೆಯಲ್ಲಿ ಮಾತ್ರ ಇರುವುದರಿಂದ, ಹಾಲು ಉಕ್ಕುವ ಸಮಯ ನೋಡಿಯೇ ಯಾರಾದರೂ ಕೇಳಲು ಬರುತ್ತಾರೆ. ಕೊಡುವುದಕ್ಕೂ ಒಂದು ಪದ್ಧತಿ. ಬರಿಗೈಲಿ ಬಂದವರಿಗೆ ಕೊಡುವ ಹಾಗಿಲ್ಲ. ಒಂದು ಪಾತ್ರೆಯನ್ನು ಒತ್ತೆ ಇಟ್ಟು ಒಯ್ಯಬೇಕು. ಗರಡಿ ವಾಪಸು ಬಂದಾಗ ಪಾತ್ರೆ ವಾಪಸು. "ಬರಿಗೈಲಿ ಕೊಟ್ರೆ ನಮ್ಮ ಬಾವಿಗೇ ಏನಾದ್ರೂ ಬೀಳುತ್ತೆ ಕಣಮ್ಮ" ಅನ್ನುತ್ತಾರೆ ಅತ್ತೆ. ಕಾನ್ವೆಂಟಿನಲ್ಲಿ ಕಲಿತ ನಯವಿನಯ ನನ್ನ ಗಂಟಲಿಗೆ ಅಡ್ಡ ಬರುತ್ತಿತ್ತು. ಹತ್ತು ಹೆಜ್ಜೆ ಆಚೆಗಿರುವ ನಂಜಮ್ಮನವರ ಹತ್ತಿರ "ಪಾತ್ರೆ ತಂದಿದ್ದೀರಾ?" ಎಂದು ಕೇಳುವುದು ಹೇಗೆ? ನಾನು ಬಾಗಿಲ ಹಿಂದೆ ನಿಂತು ಕೆಮ್ಮುತ್ತಿದ್ದೆ. ನಂಜಮ್ಮನವರೇ ನಕ್ಕು ಸೆರಗಿನಡಿಯಿಂದ ತಂಬಿಗೆ ತೆಗೆದು, "ತಗೊಳಮ್ಮ ಸರೋಜ, ನಿಮ್ಮತ್ತೆ ಕೋರ್ಟಿಗೆ ಜಾಮೀನು" ಎಂದು ಕೊಡುತ್ತಿದ್ದರು.

ಮಂಗಳ ಗ್ರಹದ ಮೇಲೆ ಅಮೆರಿಕದವರ ಯಂತ್ರ ಇಳಿದ ವರ್ಷದ ಮಾತು ನಾನು ಹೇಳಹೊರಟಿರುವುದು. ನಮ್ಮ ಯಜಮಾನರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದಾರೆ. ದಿನವೂ ಬೆಳಗಿನ ಬಸ್ಸು, ಸಂಜೆಯ ಬಸ್ಸು. ಯಾರದೋ ಯಂತ್ರದ ಯಾವುದೋ ತಿರುಪಿಗೆ ಇವರು ಗೆರೆ ಎಳೆಯುತ್ತಾರೆ. ಕೆಳಗಡೆ ಸಹಿ ಹಾಕುವವರು ಬೇರೆ. ಆ ಬೇಸರವನ್ನೆಲ್ಲ ಅವರು ಆಕಾಶದಲ್ಲಿ ತೀರಿಸಿಕೊಳ್ಳುತ್ತಿದ್ದರು. ಊಟಕ್ಕೆ ಕೂತರೆ ಮಂಗಳದ್ದೇ ಮಾತು. ಆ ಯಂತ್ರಕ್ಕೆ ಒಂದು ಕೈ ಇದೆಯಂತೆ, ಮಣ್ಣು ತೋಡುತ್ತದಂತೆ, ತೋಡಿದ ಮಣ್ಣನ್ನು ತಾನೇ ಪರೀಕ್ಷೆ ಮಾಡಿ ಅಲ್ಲಿ ಜೀವ ಇದೆಯೋ ಇಲ್ಲವೋ ಹೇಳುತ್ತದಂತೆ. ಮೊದಲು ಆ ಕೈ ಒಂದು ಮೊಳೆ ಸಿಕ್ಕಿಕೊಂಡು ಅಲ್ಲಾಡಲೇ ಇಲ್ಲವಂತೆ. ಇಲ್ಲಿಂದಲೇ "ಇನ್ನೂ ಸ್ವಲ್ಪ ಮುಂದೆ ಚಾಚು" ಎಂದು ಅಪ್ಪಣೆ ಕಳಿಸಿದರಂತೆ, ಚಾಚಿತಂತೆ, ಮೊಳೆ ಬಿದ್ದುಹೋಯಿತಂತೆ. "ಒಂದು ಮಾತು ಅಲ್ಲಿಗೆ ತಲುಪೋಕೆ ಇಪ್ಪತ್ತು ನಿಮಿಷ ಬೇಕು ಕಣೆ" ಎಂದು ಇವರು ಅನ್ನದ ಮೇಲೆ ಕೈಯಿಟ್ಟುಕೊಂಡು ಕಣ್ಣರಳಿಸಿದರು. ನಾನು ಅಡುಗೆಮನೆಯಿಂದ "ಊಟಕ್ಕೆ ಬನ್ನಿ" ಅಂದದ್ದು ಜಗಲಿಗೆ ತಲುಪಲೂ ಅಷ್ಟೇ ಹೊತ್ತು ಹಿಡಿದಿತ್ತು. ಆದರೆ ಆ ಯಂತ್ರವಾದರೂ ಹೇಳಿದ ಮಾತು ಕೇಳುತ್ತದೆ.

ಹೀಗಿರುವಾಗ ಕುಂದಾಣದ ಮುನಿಯಪ್ಪನವರು ಬಂದರು. ಇವರ ಹೈಸ್ಕೂಲು ಗೆಳೆಯರು. ಹೊಲ ಮನೆ ನೋಡಿಕೊಂಡಿರುವವರು. ರಾಗಿಯ ಚೀಲದ ತಳದಿಂದ ಒಂದು ಕಪ್ಪು ಕಲ್ಲು ತೆಗೆದು ಜಗಲಿಯ ಮೇಲಿಟ್ಟು, "ಲೋ ಸೀನ, ಇದು ಮೇಲಿಂದ ಬಿದ್ದದ್ದು ಕಣೋ. ನಮ್ಮಪ್ಪ ಚಿಕ್ಕೋರಾಗಿದ್ದಾಗ ಗುಡುಗಿದಂಗೆ ಸದ್ದಾಗಿ ಹೊಲದಾಗೆ ಬಿತ್ತಂತೆ. ಕೊಟ್ಟಿಗೆ ಬಾಗ್ಲಿಗೆ ಒತ್ತಾಗಿ ಇಕ್ಕಿದ್ವಿ. ನೀನು ಇಂಥದೇ ಓದ್ತಿರ್ತೀಯಲ್ಲ, ಇಟ್ಕೊ" ಅಂದರು. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಎತ್ತಿದರೆ ನೋಟಕ್ಕೆ ಮೀರಿದ ಭಾರ. ಮೈತುಂಬ ಹೆಬ್ಬೆಟ್ಟು ಒತ್ತಿದಂತೆ ಸಣ್ಣ ಗುಳಿಗಳು. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಸೀದ ಮುದ್ದೆ ಇದ್ದಂಗಿದೆ" ಎಂದು ಒಳಗೆ ಹೋದರು. ಇವರು ಮಾತ್ರ ಆ ಕಲ್ಲನ್ನು ಕೂಸಿನಂತೆ ಎರಡೂ ಕೈಲಿ ಹಿಡಿದು ಕೂತುಬಿಟ್ಟರು. ಕಾರ್ಖಾನೆಯ ಸಹೋದ್ಯೋಗಿಯೊಬ್ಬರ ಭಾವ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಇಂಥ ಕಲ್ಲುಗಳನ್ನೇ ನೋಡುವ ಪ್ರೊಫೆಸರು. ಸೋಮವಾರ ತರಲಿ, ನೋಡೋಣ ಎಂದು ಅವರು ಹೇಳಿಕಳಿಸಿದರು. ಆ ದಿನ ಇವರು ಬಸ್ಸಿನಿಂದ ಇಳಿದು ಬಂದ ನಡಿಗೆಯೇ ಬೇರೆ. ಮದುವೆಯಾದಾಗಿನಿಂದ ಯಾವ ದೊಡ್ಡ ಮನುಷ್ಯರೂ ಇವರನ್ನು "ಬನ್ನಿ" ಎಂದು ಕರೆದದ್ದನ್ನು ನಾನು ಕಂಡಿರಲಿಲ್ಲ. ನೀಲಿ ಶರಟಿಗೆ ಇಸ್ತ್ರಿ ಹಾಕಿಡು ಎಂದು ಗುರುವಾರವೇ ಹೇಳಿದರು.

ಈಗ ಪ್ಲಾಸ್ಟಿಕ್ ಬಕೆಟ್ಟಿನ ವಿಷಯ ಹೇಳಬೇಕು. ತಾಮ್ರದ ಕೊಡ ಸೇದಿ ಸೇದಿ ನನ್ನ ರಟ್ಟೆ ಹೋಗುತ್ತದೆಂದು ಇವರೇ ಮರುಗಿ ಒಂದು ಹಗುರವಾದ ಕೆಂಪು ಬಕೆಟ್ಟು ತಂದುಕೊಟ್ಟಿದ್ದರು. ಅದು ಎಷ್ಟು ಹಗುರವೆಂದರೆ ನೀರಿಗೆ ಬಿಟ್ಟರೆ ಮುಳುಗುವುದೇ ಇಲ್ಲ. ಬಾತುಕೋಳಿಯ ಹಾಗೆ ತೇಲುತ್ತ ನಮ್ಮನ್ನೇ ನೋಡುತ್ತದೆ. ಹಗ್ಗ ಎಡಕ್ಕೆ ಜಗ್ಗಿ ಬಲಕ್ಕೆ ಜಗ್ಗಿ ಅದನ್ನು ಕವುಚಿ ನೀರು ತುಂಬಿಸುವಷ್ಟರಲ್ಲಿ ರಟ್ಟೆ ಮೊದಲಿಗಿಂತ ಹೆಚ್ಚಾಗಿಯೇ ಹೋಗುತ್ತಿತ್ತು. ಶನಿವಾರ ಬೆಳಿಗ್ಗೆ ಅತ್ತೆಯವರು ಇದಕ್ಕೊಂದು ಪರಿಹಾರ ಹುಡುಕಿದರು. ಜಗಲಿಯ ಮೇಲಿದ್ದ ಆಕಾಶದ ಕಲ್ಲನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಬಕೆಟ್ಟಿನ ಒಂದು ಪಕ್ಕದ ಕಿವಿಗೆ ಕಟ್ಟಿದರು. ನಾನು ಸ್ನಾನದಿಂದ ಬರುವ ಹೊತ್ತಿಗೆ ನಾಲ್ಕು ಸಲ ನೀರು ಸೇದಿಯೂ ಆಗಿತ್ತು. ಬಕೆಟ್ಟು ಮರ್ಯಾದೆಯಿಂದ ವಾಲಿ, ಮುಳುಗಿ, ತುಂಬಿಕೊಂಡು ಬರುತ್ತಿತ್ತಂತೆ. ಐದನೆಯ ಸಲಕ್ಕೆ ಪ್ಲಾಸ್ಟಿಕ್ಕಿನ ಕಿವಿ ಕಲ್ಲಿನ ಸಮೇತ ಕಿತ್ತುಕೊಂಡಿತು. ಗುಳುಂ ಎಂಬ ಸದ್ದು ನನಗೆ ನಡುಮನೆಗೆ ಕೇಳಿಸಿತು.

ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಸಿ ಬಂದ ಇವರು ಸುದ್ದಿ ಕೇಳಿ ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

"ಅಮ್ಮಾ, ಅದು ಕೋಟ್ಯಂತರ ಮೈಲಿಯಿಂದ ಬಂದ ಕಲ್ಲಮ್ಮ."

"ಅಷ್ಟು ದೂರದಿಂದ ಬಿದ್ದದ್ದು ಇನ್ನೊಂದು ಹತ್ತು ಮಾರು ಬಿತ್ತು. ಅದಕ್ಕೆ ಬೀಳೋ ಅಭ್ಯಾಸ ಇದೆ ಬಿಡೋ" ಅಂದರು ಅತ್ತೆ. "ನನ್ನ ಗಂಟು ಬಿಚ್ಚಿಲ್ಲ, ತಿಳ್ಕೊ. ನಿನ್ನ ಬಕೆಟ್ಟಿನ ಕಿವಿ ಕಿತ್ತದ್ದು."

ಇವರು ಊಟ ಬೇಡವೆಂದರು. ಸಾರು ಆರಿಹೋಯಿತು. ಸೋಮವಾರ ಬರಿಗೈಲಿ ಹೋಗಿ "ಕಲ್ಲು ನಮ್ಮ ಬಾವಿಯಲ್ಲಿದೆ" ಎಂದರೆ ಆ ಪ್ರೊಫೆಸರು ಏನೆಂದುಕೊಂಡಾರು ಎಂಬ ಚಿಂತೆ ಅವರ ಮುಖದಲ್ಲಿ ಬರೆದಂತಿತ್ತು. ಇಸ್ತ್ರಿಯಾದ ನೀಲಿ ಶರಟು ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ. "ರೀ, ನಾಳೆ ಭಾನುವಾರ. ಪಾತಾಳಗರಡಿ ಬಿಟ್ಟು ನೋಡೋಣ" ಅಂದೆ. ಅಂದದ್ದೇ ತಪ್ಪಾಯಿತು. ಭಾನುವಾರ ಒಂದು ದಿನ ಮಧ್ಯಾಹ್ನ ಹಾಸಿಗೆಗೆ ಬೆನ್ನು ತಾಗಿಸುವ ಪದ್ಧತಿ ನನಗಿತ್ತು.

ಭಾನುವಾರ ಮಳೆಗಾಲದ ಗಾಳಿ, ಮೋಡ. ಬಾವಿಯ ತಳ ಕಾಣಬೇಕಾದರೆ ಮೇಲಿನಿಂದ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಕ್ಕೆ ಹಾಯಿಸಬೇಕು. ನನ್ನ ತವರಿನಿಂದ ಬಂದ ಕನ್ನಡಿಯನ್ನು ಗೋಡೆಯಿಂದ ಇಳಿಸಿ ನನ್ನ ಕೈಗೇ ಕೊಟ್ಟರು. ಇವರು ಕಟ್ಟೆಯ ಮೇಲೆ ಬೋರಲು ಮಲಗಿ, ಗರಡಿಯ ಹಗ್ಗ ಹಿಡಿದು, ತಲೆಯನ್ನು ಬಾವಿಯೊಳಗೆ ಬಿಟ್ಟುಕೊಂಡರು. ಅಪ್ಪಣೆಗಳು ತಳದಿಂದ ಬರುತ್ತಿದ್ದವು. "ಎಡಕ್ಕೆ! ಇನ್ನೂ ಎಡಕ್ಕೆ! ಅಯ್ಯೋ, ನಿನ್ನ ಎಡ ಅಲ್ಲ ಕಣೆ, ನನ್ನ ಎಡ!" ಮೋಡ ಬಂದರೆ ಸೂರ್ಯನ ಕಡೆಯವಳು ನಾನೇ ಎಂಬಂತೆ ನನ್ನನ್ನೇ ಬೈಯುವುದು. ನಂಜಮ್ಮನವರು ಗೋಡೆಯಾಚೆಯಿಂದ ಇಣುಕಿ, "ಏನು ಸೀನಪ್ಪ, ನಿಧಿಯಾ?" ಅಂದರು. "ಉಲ್ಕೆ" ಎಂದರು ಇವರು ಬಾವಿಯೊಳಗಿಂದ. "ಸಿಕ್ಕಿದ್ರೆ ನಮಗೂ ಒಂಚೂರು ಕೊಡಪ್ಪ" ಎಂದು ಅವರು ಅಲ್ಲೇ ನಿಂತರು.

ಮೊದಲು ಬಂದದ್ದು ತುಕ್ಕು ಹಿಡಿದ ಡಬ್ಬಿ. ಆಮೇಲೆ ಕೊಳೆತ ಹಗ್ಗದ ಸುರುಳಿ. ಮೂರನೆಯದಾಗಿ ಪಾಚಿ ಹತ್ತಿ ಹಸಿರಾದ ಒಂದು ಹಿತ್ತಾಳೆ ಸೌಟು. ನಾನು ಕನ್ನಡಿ ಬದಿಗಿಟ್ಟು ಅದನ್ನು ಕೈಗೆತ್ತಿಕೊಂಡೆ. ಈ ಮನೆಯಲ್ಲಿ ಕಾಲವನ್ನು ಲೆಕ್ಕ ಹಾಕುವುದೇ ಆ ಸೌಟಿನಿಂದ. "ಹುಳಿ ಸೌಟು ಕಳೆದ ವರ್ಷ", "ಸೌಟು ಕಳೆದು ಎರಡು ವರ್ಷಕ್ಕೆ" ಎಂದೇ ಅತ್ತೆಯವರು ಮಾತಾಡುವುದು. ಅದು ಕಳೆದದ್ದು ನಾನು ಸೊಸೆಯಾಗಿ ಬಂದ ವರ್ಷ. ನೀನು ಕಳೆದೆ ಎಂದು ಒಂದು ದಿನವೂ ಅಂದವರಲ್ಲ. ವರ್ಷ ಹೇಳುತ್ತಿದ್ದರು, ಅಷ್ಟೆ. ನಾನು ಸೌಟನ್ನು ಅವರ ಮುಂದೆ ಹಿಡಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ನಮ್ಮದಲ್ಲ. ನಮ್ಮದರ ಹಿಡಿ ನೆಟ್ಟಗಿತ್ತು."

"ನಮ್ಮ ಬಾವೀಲಿ ಬೇರೆಯವರ ಸೌಟು ಯಾಕಿರುತ್ತೆ ಅತ್ತೆ?"

"ಪಾತಾಳ ಅಂದ್ಮೇಲೆ ಎಲ್ಲಿಂದ ಎಲ್ಲಿಗೆ ದಾರಿ ಇರುತ್ತೋ, ಯಾರು ಕಂಡಿದ್ದಾರೆ."

ಮಂಗಳದ ಮಣ್ಣಿನಲ್ಲಿ ಏನೋ ಗುಳುಗುಳು ಎಂದರೂ, ಅಮೆರಿಕದ ಪಂಡಿತರು ಮುಖ ಗಂಟಿಕ್ಕಿಕೊಂಡು ಇದು ಜೀವವಿರಲಾರದು ಎನ್ನುತ್ತಿದ್ದಾರೆಂದು ಇವರು ಆಮೇಲೆ ಓದಿ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಸಾಕ್ಷಿ ಮೇಲೆ ಬಂದ ಮಾತ್ರಕ್ಕೆ ದೊಡ್ಡವರು ಒಪ್ಪಬೇಕೆಂದೇನೂ ಇಲ್ಲ. ಆ ಭಾನುವಾರ ಸಂಜೆ ಸೌಟು ಹುಣಸೆಹಣ್ಣಿನಲ್ಲಿ ಬೆಳಗಿಸಿಕೊಂಡು ತನ್ನ ಹಳೇ ಮೊಳೆಗೇ ನೇತುಬಿದ್ದಿತ್ತು. ವರ್ಷದ ಲೆಕ್ಕ ಮಾತ್ರ ಇವತ್ತಿಗೂ ಹಳೆಯದೇ.

ಕಲ್ಲು ಸಿಕ್ಕಲೇ ಇಲ್ಲ. ಕೊಕ್ಕೆಗೆ ಕಲ್ಲು ಹೇಗೆ ಸಿಕ್ಕೀತು? "ಅವರ ಯಂತ್ರಕ್ಕೆ ಸೌಟಿನಂಥ ಕೈಯಿದೆ, ನಮ್ಮದಕ್ಕೆ ಬರೀ ಉಗುರು" ಎಂದು ಇವರು ನೊಂದುಕೊಂಡರು. ನನ್ನ ತೋಳು ಮರಗಟ್ಟಿತ್ತು, ಹೊಟ್ಟೆ ಹಸಿದಿತ್ತು, ಕಣ್ಣಿಗೆ ಬಿಸಿಲು ಹೊಡೆದಿತ್ತು. ಬೇಗ ಮುಗಿದರೆ ಸಾಕೆಂಬ ಸುಸ್ತಿನಲ್ಲೇ ನನಗೆ ಹೊಳೆಯಿತು. "ರೀ, ಅತ್ತೆ ಗಂಟು ಬಿಚ್ಚಿಲ್ಲ ಅಂದ್ರಲ್ಲ. ಕಲ್ಲಿನ ಮೈಮೇಲೆ ಸೀರೆ ತುಂಡು ಇನ್ನೂ ಇದೆ. ಕಲ್ಲು ಹುಡುಕಬೇಡಿ, ಬಟ್ಟೆ ಹುಡುಕಿ." ಮೋಡ ಸರಿಯಿತು. ತಳದಲ್ಲಿ ಅರಿಸಿನ ಬಣ್ಣದ ಒಂದು ಚೂರು ಅಲ್ಲಾಡಿತು. ಕೊಕ್ಕೆ ಎರಡು ಸಲ ಜಾರಿ ಮೂರನೆಯ ಸಲ ಹಿಡಿಯಿತು. ಕೋಟ್ಯಂತರ ಮೈಲಿ ಒಂಟಿಯಾಗಿ ಬಂದ ಕಲ್ಲು ಅತ್ತೆಯವರ ಹಳೇ ಸೀರೆ ಉಟ್ಟುಕೊಂಡು, ನೀರು ಸುರಿಸುತ್ತ ಮೇಲೆದ್ದಿತು. ನಂಜಮ್ಮನವರು ಗೋಡೆಯಾಚೆ ಚಪ್ಪಾಳೆ ತಟ್ಟಿದರು. "ನೋಡಿದ್ಯಾ ನನ್ನ ಗಂಟು" ಅಂದರು ಅತ್ತೆ. ಕನ್ನಡಿ ಹಿಡಿದವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾನು ಕನ್ನಡಿಯನ್ನು ಗೋಡೆಗೆ ಹಾಕಿ ಮುಖ ನೋಡಿಕೊಂಡೆ. ಮಂಗಳ ಗ್ರಹದಷ್ಟೇ ಕೆಂಪಗಿತ್ತು.

ಸೋಮವಾರ ನೀಲಿ ಶರಟು ತೊಟ್ಟು, ಕಲ್ಲನ್ನು ಟಿಫಿನ್ ಚೀಲದಲ್ಲಿಟ್ಟುಕೊಂಡು ಹೊರಟಾಗ ಅತ್ತೆಯವರು ಹೊಸಲಿನ ಮೇಲೆ ತಡೆದರು. "ಲೋ ಸೀನ, ಅವರು ಇಟ್ಟುಹೋಗಿ ಅಂದ್ರೆ ಬರಿಗೈಲಿ ಕೊಟ್ಟು ಬರಬೇಡ. ಪಾತ್ರೆ ಇಸ್ಕೊ." ನಾನು ನಕ್ಕೆ. ಪಾತಾಳಗರಡಿಯ ಕಾನೂನು ಪ್ರೊಫೆಸರಿಗೂ ಅನ್ವಯಿಸುತ್ತದೆಯೆ?

ಸಂಜೆ ಇವರು ಬಂದಾಗ ಚೀಲದಲ್ಲಿ ಕಲ್ಲಿರಲಿಲ್ಲ. ಪತ್ರಿಕೆಯ ಹಾಳೆಯಲ್ಲಿ ಸುತ್ತಿದ್ದ, ಅಳತೆಗೆರೆಗಳಿದ್ದ ಒಂದು ಗಾಜಿನ ಬೀಕರು ಇತ್ತು. ಪ್ರೊಫೆಸರು ಕುರ್ಚಿ ಕೊಟ್ಟು ಕೂರಿಸಿ, ಕಲ್ಲನ್ನು ಬಹಳ ಹೊತ್ತು ತಿರುಗಿಸಿ ನೋಡಿದರಂತೆ. "ಜನ ತರುವ ಬಹುಪಾಲು ಕಲ್ಲು ಕಬ್ಬಿಣ ಕರಗಿಸಿ ಉಳಿದ ಕುಲುಮೆಯ ಕಿಟ್ಟ. ಇದು ಹಾಗಿರಬಹುದು, ಇಲ್ಲದೆಯೂ ಇರಬಹುದು. ಕತ್ತರಿಸಿ ಉಜ್ಜಿ ನೋಡಬೇಕು, ಬಿಟ್ಟುಹೋಗಿ" ಎಂದರಂತೆ. ಇವರು ಎದ್ದವರು ಮತ್ತೆ ಕೂತು, ತಡವರಿಸುತ್ತ, "ಸರ್, ತಪ್ಪು ತಿಳೀಬೇಡಿ. ನಮ್ಮ ತಾಯಿ ಒಂದು ಪಾತ್ರೆ ಇಸ್ಕೊಂಡು ಬಾ ಅಂದಿದ್ದಾರೆ" ಎಂದುಬಿಟ್ಟರಂತೆ! ಪ್ರೊಫೆಸರು ಮೊದಲು ಕನ್ನಡಕ ತೆಗೆದರಂತೆ, ಆಮೇಲೆ ಹೊಟ್ಟೆ ಹಿಡಿದು ನಕ್ಕು, ಕಪಾಟಿನಿಂದ ಇದನ್ನು ತೆಗೆದುಕೊಟ್ಟು, "ಕಲ್ಲು ಕಿಟ್ಟವೇ ಆದರೆ ನಾನೇ ಯಾರ ಕೈಲಾದರೂ ಕಳಿಸಿ ಪಾತ್ರೆ ಬಿಡಿಸಿಕೊಳ್ಳುತ್ತೇನೆ" ಎಂದರಂತೆ. ಅತ್ತೆಯವರು ಬೀಕರನ್ನು ಬೆರಳಿನಿಂದ ತಟ್ಟಿ ನೋಡಿ, "ಗಾಜು. ಹೋಗಲಿ, ಬಾಯಾದ್ರೂ ಅಗಲವಾಗಿದೆ" ಎಂದು ಒಪ್ಪಿಕೊಂಡರು.

ಎರಡು ಮಳೆಗಾಲ ಕಳೆದಿವೆ. ಯಾರೂ ಬಂದಿಲ್ಲ. ಹೋಗಿ ವಿಚಾರಿಸಿಕೊಂಡು ಬನ್ನಿ ಎಂದು ಮೊದಮೊದಲು ನಾನೇ ಹೇಳುತ್ತಿದ್ದೆ. "ನಾನ್ಯಾಕೆ ಕೇಳಲಿ? ಬೀಕರು ನಮ್ಮ ಮನೇಲಿರೋವರೆಗೂ ಅದು ಆಕಾಶದ ಕಲ್ಲೇ" ಎಂದು ಇವರು ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಬಸ್ಸಿನಲ್ಲಿ ಸುಸ್ತಾಗಿ ಬಂದ ದಿನ ಅಡುಗೆಮನೆಗೆ ಬಂದು, ಅದು ಅಲ್ಲೇ ಇದೆಯೇ ಎಂದು ಒಮ್ಮೆ ನೋಡಿ ಹೋಗುತ್ತಾರೆ. ಈಗ ನಾನು ಹೇಳುವುದನ್ನು ಬಿಟ್ಟಿದ್ದೇನೆ. ಇವರ ಮನಸ್ಸು ನೋಯಬಾರದೆಂಬ ಕಾರಣಕ್ಕೆ ಎಂದು ಬರೆದರೆ ಕಾನ್ವೆಂಟಿನ ಸಿಸ್ಟರಿಗೆ ಸಂತೋಷವಾದೀತು. ಸತ್ಯವೆಂದರೆ, ಗೆರೆ ನೋಡಿ ಹಾಲು ಅಳೆದುಕೊಳ್ಳುವ ಅಂಥ ಪಾತ್ರೆ ಈ ಊರಿನಲ್ಲಿ ಸಿಗುವುದಿಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿ ಹುಡುಗಿಯರು ಒಡೆದಾರೆಂದು ನಮಗೆ ಅಂಥದ್ದನ್ನು ಮುಟ್ಟಲೂ ಬಿಡುತ್ತಿರಲಿಲ್ಲ.

ಹೋದ ವಾರ ಒಲೆಯ ಮುಂದಿದ್ದಾಗ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಪ್ಯಾಂಟು ತೊಟ್ಟ ಅಪರಿಚಿತರು, ಹೆಗಲಿಗೆ ಚೀಲ. "ಮನೇಲಿ ಪಾತ್ರೆ ಏನಾದ್ರೂ ಇದೆಯೇನಮ್ಮಾ?" ಎಂದರು. ಪ್ರೊಫೆಸರು ಕಳಿಸಿದವರೇ ಎಂದುಕೊಂಡೆ. "ಯಾವ ಪಾತ್ರೇನೂ ಇಲ್ಲ" ಎಂದುಬಿಟ್ಟೆ. ಅವರು ನನ್ನ ಬೆನ್ನ ಹಿಂದೆ ಸಾಲಾಗಿ ಹೊಳೆಯುತ್ತಿದ್ದ ಕೊಡ, ತಪ್ಪಲೆ, ಚೊಂಬುಗಳನ್ನೆಲ್ಲ ಒಮ್ಮೆ ನೋಡಿದರು. "ಅಲ್ಲಮ್ಮ, ನೀರು ನಿಂತಿರೋ ಪಾತ್ರೆ. ಸೊಳ್ಳೆ ನೋಡೋಕೆ ಬಂದಿದ್ದೀವಿ, ಮಲೇರಿಯಾದವರು" ಎಂದು ಗೋಡೆಯ ಮೇಲೆ ಏನೋ ಬರೆದು ಹೊರಟುಹೋದರು. ನಾನು ಒಳಗೆ ಬಂದು ಬೀಕರನ್ನು ತೊಳೆದು, ಒರೆಸಿ, ಯಾರ ಕಣ್ಣಿಗೂ ಬೀಳದಿರಲೆಂದು ಅಟ್ಟದ ಹಲಗೆಯ ಮೇಲೆ, ಮಣೆ ಹತ್ತಿದರೆ ನನ್ನ ಕೈಗೆ ಎಟುಕುವ ಕಟ್ಟಕಡೆಯ ಎತ್ತರದಲ್ಲಿಟ್ಟೆ. ಅಲ್ಲಿಂದ ಬಿದ್ದರೆ ಯಾವ ಪಾತಾಳಗರಡಿಗೂ ಸಿಗುವುದಿಲ್ಲ, ಚೂರು ಹೆಕ್ಕುವವಳು ನಾನೇ ಎಂಬುದು ಇಟ್ಟು ಇಳಿದ ಮೇಲೆ ನೆನಪಾಯಿತು. ಮತ್ತೆ ಮಣೆ ಹತ್ತಿ ಇಳಿಸಿಡೋಣವೆಂದರೆ ಸೊಂಟ ಒಪ್ಪಲಿಲ್ಲ.