ವಿವಾಹ ನೋಂದಣಿ ಕಚೇರಿಯಲ್ಲಿ ಬ್ಯಾಕಪ್

ವಿವಾಹ ನೋಂದಣಿ ಕಚೇರಿಯ ದಾಖಲೆಗಳು ಸಂಪೂರ್ಣ ಸುರಕ್ಷಿತವಾಗಿವೆ ಎಂದು ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸಲಾಗಿದೆ. ಎಲ್ಲಿವೆ ಎಂಬುದು ಬೇರೆ ವಿಷಯ.

ಕಚೇರಿಯ ಹಳೆಯ ಸರ್ವರ್ ಗೊರಕೆ ಹೊಡೆಯಲು ಶುರುಮಾಡಿದಾಗ, ಊರಿನ ಮದುವೆಗಳೆಲ್ಲ ಅದೊಂದರ ಹೊಟ್ಟೆಯಲ್ಲೇ ಇವೆಯಲ್ಲ ಎಂದು ಸಾಹೇಬರಿಗೆ ದಿಗಿಲಾಯಿತು. ನೆಟ್‌ವರ್ಕ್‌ಗೆ ಜೋಡಿಸುವ ಸ್ಟೋರೇಜ್ ಪೆಟ್ಟಿಗೆಯೊಂದನ್ನು ತರಿಸಿದರು. ಕಂಪ್ಯೂಟರ್ ಮೇಡಂ ಅದನ್ನು ಪಕ್ಕದ ಕೋಣೆಯಲ್ಲಿಟ್ಟು, ಕೇಬಲ್ ಎಳೆದು, ಸರ್ವರ್‌ನಲ್ಲಿರುವುದೆಲ್ಲ ಪ್ರತಿದಿನ ತಾನಾಗಿ ಅದಕ್ಕೂ ನಕಲಾಗುವಂತೆ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವಷ್ಟರಲ್ಲಿ ಲೆಕ್ಕಪರಿಶೋಧಕರು ಬಂದರು.

"ಒಂದೇ ಮದುವೆ ಎರಡು ಕಡೆ ಇದೆಯಲ್ಲ?"

"ಬ್ಯಾಕಪ್ ಅಂದ್ರೆ ಅದೇ ಸಾರ್," ಎಂದರು ಮೇಡಂ.

"ಒಬ್ಬನಿಗೆ ಎರಡು ಮದುವೆ ಅಂದ್ರೆ ಅಪರಾಧ ಕಣ್ರೀ. ಇಲ್ಲಿ ಊರಿಗೆ ಊರೇ ಮಾಡ್ಕೊಂಡಿದೆ!"

ಆಕ್ಷೇಪಣೆ ನ್ಯಾಯಸಮ್ಮತವೆಂದು ಮನಗಂಡ ಸಾಹೇಬರು, ನಕಲಿನ ಬೆನ್ನಲ್ಲೇ ಮೂಲವನ್ನು ಅಳಿಸತಕ್ಕದ್ದು ಎಂದು ಆದೇಶಿಸಿದರು. ಮದುವೆಗಳೆಲ್ಲ ಪೆಟ್ಟಿಗೆಗೆ ಹೋದವು. ಈಗ ಪೆಟ್ಟಿಗೆಗೆ ಬ್ಯಾಕಪ್ ಇಲ್ಲವಾದ್ದರಿಂದ ಮರುದಿನ ಅವನ್ನು ಸರ್ವರ್‌ಗೆ ನಕಲಿಸಿ, ಪೆಟ್ಟಿಗೆಯಿಂದ ಅಳಿಸಲಾಯಿತು. ಹೀಗೆ ಊರಿನ ದಾಂಪತ್ಯವೆಲ್ಲ ತವರಿಗೂ ಗಂಡನ ಮನೆಗೂ ಓಡಾಡಿಕೊಂಡು ಸುಖವಾಗಿತ್ತು.

ಒಂದು ಮಧ್ಯಾಹ್ನ ನಕಲು ನಡೆಯುತ್ತಿರುವಾಗಲೇ ಪೊರಕೆ ತಗುಲಿ ಕೇಬಲ್ ಕಳಚಿತು. ಗಂಡಂದಿರ ಹೆಸರುಗಳು ಆಗಲೇ ದಾಟಿಯಾಗಿತ್ತು; ಹೆಂಡತಿಯರವು ದಾಟಲಿಲ್ಲ. ಅಳಿಸುವ ಕೆಲಸ ಮಾತ್ರ ಹೊತ್ತಿಗೆ ಸರಿಯಾಗಿ ನಡೆಯಿತು.

ಮರುದಿನ ನಿವೃತ್ತ ಬಸ್ ಡ್ರೈವರ್ ಒಬ್ಬರು, ಟೈಲರ್ ಆಗಿದ್ದ ಹೆಂಡತಿಯ ಜೊತೆ ಬಂದರು. ಪಿಂಚಣಿಗೆ ಆಕೆಯ ಹೆಸರು ಸೇರಿಸಲು ಮದುವೆ ಪ್ರಮಾಣಪತ್ರ ಬೇಕಿತ್ತು.

ಗುಮಾಸ್ತರು ಪರದೆ ನೋಡಿದರು. "ನಿಮಗೆ ಮದುವೆ ಆಗಿದೆ ಸಾರ್. ಇವರಿಗೆ ಆಗಿಲ್ಲ."

"ಹಾಗಾದ್ರೆ ನಾನು ಯಾರನ್ನ ಆಗಿರೋದು?"

"ಅದು ನಿಮ್ಮ ಮನೆ ವಿಷಯ. ನಾವು ತಲೆ ಹಾಕೋ ಹಾಗಿಲ್ಲ."

ಡ್ರೈವರ್ ಮೇಜಿನ ಮೇಲೆ ಬಾಗಿದರು. "ಏನಾದ್ರೂ ದಾರಿ ಹೇಳಿ ಸ್ವಾಮಿ."

"ಇವರು ಒಪ್ಪಿದ್ರೆ ಹೊಸದಾಗಿ ಸೇರಿಸ್ತೀವಿ. ಏನಮ್ಮಾ, ಒಪ್ಪಿಗೇನಾ?"

ಟೈಲರಮ್ಮ ಚೀಲ ಕೆಳಗಿಟ್ಟು, ಗಂಡನನ್ನು ಅಂಗಿಗೆ ಅಳತೆ ತೆಗೆಯುವವರಂತೆ ಮೇಲಿಂದ ಕೆಳಗೆ ನೋಡಿದರು.

"ಹೋದ ಸಲ ನನ್ನನ್ನ ಯಾರೂ ಕೇಳಿರ್ಲಿಲ್ಲ. ಈ ಸಲ ಯೋಚನೆ ಮಾಡಿ ಹೇಳ್ತೀನಿ."

"ಲೇ, ಮೊಮ್ಮಕ್ಕಳಿದಾರಲ್ಲೇ!"

"ಅವರು ನನ್ನ ಮೊಮ್ಮಕ್ಕಳೇ. ನಿಮ್ಮ ವಿಷಯ ಮಾತ್ರ ಬಾಕಿ."

ಸುದ್ದಿ ಹಬ್ಬಲು ತಡವಾಗಲಿಲ್ಲ. ದಾಖಲೆ ಸರಿಪಡಿಸಲೇಬೇಕೆಂದು ಗಂಡಂದಿರ ನಿಯೋಗ ಬಂತು. ಮುಟ್ಟಕೂಡದೆಂದು ಹೆಂಡತಿಯರ ನಿಯೋಗ ಬಂತು. ಎರಡನೆಯದು ದೊಡ್ಡದಿತ್ತು. ಯಾವುದೂ ಎರಡು ಕಡೆ ಇಲ್ಲವೆಂದು ಲೆಕ್ಕಪರಿಶೋಧಕರು ತೃಪ್ತಿ ವ್ಯಕ್ತಪಡಿಸಿದರು. ಬಾಗಿಲಿಗೆ ಪ್ರಕಟಣೆ ಬಿತ್ತು: "ಹೆಂಡತಿಯರಿಗೆ ಯೋಚಿಸಲು ಕಾಲಾವಕಾಶ ನೀಡಲಾಗಿದೆ. ಅಲ್ಲಿಯವರೆಗೆ ಗಂಡಂದಿರು ಸಹಕರಿಸತಕ್ಕದ್ದು."

ಸಹಕಾರ ನಿರೀಕ್ಷೆ ಮೀರಿ ದೊರೆಯುತ್ತಿದೆ. ಡ್ರೈವರ್ ಬೆಳಗ್ಗೆ ಪಾತ್ರೆ ತೊಳೆದು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, "ಯೋಚನೆ ಎಲ್ಲಿಗೆ ಬಂತು?" ಎಂದು ಮೆಲ್ಲಗೆ ಕೇಳುತ್ತಾರೆ. "ನಡೀತಾ ಇದೆ," ಎನ್ನುತ್ತಾರೆ ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತ.

ಸಾಹೇಬರೂ ಈಗ ಸಂಜೆಯಾದರೆ ತರಕಾರಿ ಚೀಲ ಹಿಡಿದು ನೇರ ಮನೆಗೆ ಹೋಗುತ್ತಾರೆ. ಅವರ ಮದುವೆಯೂ ಇದೇ ಕಚೇರಿಯಲ್ಲಿ ನೋಂದಣಿಯಾಗಿತ್ತು.