ಏಳು ಹಣ್ಣಿನ ಚಹಾದ ರುಚಿಪರೀಕ್ಷಕರಿಗೆ

ಮಾನ್ಯ ರುಚಿಪರೀಕ್ಷಕರೇ,

ತಾವು ಕ್ಷೇಮ, ತಮ್ಮ ನಾಲಿಗೆಯೂ ಕ್ಷೇಮ ಎಂದು ನಂಬಿ, ಎರಡೂ ಕೈ ಜೋಡಿಸಿ, ಆಮೇಲೆ ಬರೆಯುವುದಕ್ಕೆಂದು ಒಂದನ್ನು ಬಿಡಿಸಿಕೊಂಡು ಈ ಪತ್ರ ಆರಂಭಿಸುತ್ತಿದ್ದೇನೆ. ನಾನು ಪುಸ್ತಕ ಬೈಂಡಿಂಗ್ ಮಾಡುವವನು. ಓದಿದ್ದು ಏಳನೆಯ ತರಗತಿಯವರೆಗೆ. ಆದರೆ ಕೆಲಸಕ್ಕೆ ಬಂದ ಪುಸ್ತಕಗಳನ್ನು ಅಂಟು ಒಣಗುವ ತನಕ ಓದುವ ಅಭ್ಯಾಸವಿರುವುದರಿಂದ, ಜಗತ್ತಿನ ಎಲ್ಲ ವಿಷಯಗಳಲ್ಲೂ ಮೊದಲ ಹತ್ತು ಪುಟದಷ್ಟು ತಿಳಿವಳಿಕೆ ಇದೆ. ತಮ್ಮ ಏಳು ಹಣ್ಣಿನ ಗಿಡಮೂಲಿಕೆ ಚಹಾದ ಪೆಟ್ಟಿಗೆಯ ಹಿಂಬದಿಯಲ್ಲಿ ‘ನಾನೇ ಕುಡಿದು ಒಪ್ಪಿದ್ದೇನೆ’ ಎಂಬ ಮಾತಿದೆ, ಅದರ ಕೆಳಗೆ ತಮ್ಮ ಸಹಿಯಿದೆ. ಇಷ್ಟು ಧೈರ್ಯದ ಸಹಿಯನ್ನು ನಾನು ಯಾವ ಕಾಗದದಲ್ಲೂ ಕಂಡಿಲ್ಲ.

ನಮ್ಮ ಮನೆಯಲ್ಲಿ ಇದ್ದವರು ಇಬ್ಬರು, ನಾನು ಮತ್ತು ಅಕ್ಕ. ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದವಳು. ಅಂಕ ಕೊಡದೆ ಯಾವುದನ್ನೂ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಹೊಸ ಸೋಪು ಬರಲಿ, ಬಿಸ್ಕತ್ತು ಬರಲಿ, ಮೂರು ಸಲ ಬಳಸಿ ನೋಡಬೇಕು, ಒಬ್ಬರಿಗೊಬ್ಬರು ತೋರಿಸದೆ ಹತ್ತಕ್ಕೆ ಇಷ್ಟು ಎಂದು ಚೀಟಿಯಲ್ಲಿ ಬರೆದು ಮಡಚಿ, ಕಿಟಕಿಯ ಮೇಲಿನ ಗಾಜಿನ ಬಾಟಲಿಗೆ ಹಾಕಬೇಕು. ಭಾನುವಾರ ಬಾಟಲಿ ತೆರೆಯುವುದು. ಚಿಕ್ಕವನಾದ್ದರಿಂದ ನಾನು ಮೊದಲು ಓದಬೇಕು, ಆಮೇಲೆ ಅವಳು ತನ್ನದನ್ನು ಓದಿ, ಚೀಟಿ ಹರಿದು ಕಸಕ್ಕೆ ಹಾಕುತ್ತಿದ್ದಳು. ಎರಡೂ ಅಂಕಗಳನ್ನು ಡೈರಿಯಲ್ಲಿ ಬರೆದಿಡುವುದು ನನ್ನ ಕೆಲಸ. ಸೋಪಿಗೆ ನಾನು ನಾಲ್ಕು, ಅಕ್ಕ ಐದು. ಬಿಸ್ಕತ್ತಿಗೆ ನಾನು ಆರು, ಅಕ್ಕ ಏಳು. ಹೊಸ ದಿಂಬಿಗೆ ನಾನು ಎರಡು, ಅಕ್ಕ ಮೂರು. ನನ್ನ ನಾಲಿಗೆ, ಮೂಗು, ಕತ್ತು ಎಲ್ಲವೂ ಒಂದೊಂದು ಅಂಕದಷ್ಟು ಕೊರತೆಯವು ಎಂದು ನಾನು ಎಂದೋ ಒಪ್ಪಿಕೊಂಡಿದ್ದೆ.

ಈಚೆಗೆ ಅಕ್ಕನಿಗೆ ಹುಷಾರು ತಪ್ಪಿ, ವೈದ್ಯರು ಹಾಲು ಹಾಕಿದ ಚಹಾ ಬೇಡವೆಂದಾಗ ತಮ್ಮ ಪೆಟ್ಟಿಗೆ ಮನೆಗೆ ಬಂತು. ಸಂಜೆ ನಾಲ್ಕಕ್ಕೆ ನಾನೇ ಮಾಡಿಕೊಡುತ್ತಿದ್ದೆ. ಅವಳು ಮಂಚದಲ್ಲಿ ಒರಗಿ, ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, ಮುಖದಲ್ಲಿ ಏನೂ ತೋರಿಸದೆ ಕುಡಿಯುತ್ತಿದ್ದಳು. ಜೊತೆಗೆ ಕುಡಿಯುತ್ತಿದ್ದ ನಾನು ನನ್ನದರಲ್ಲಿ ಅರ್ಧವನ್ನು ಅಂಟಿನ ಡಬ್ಬಿಗೆ ಸುರಿಯುತ್ತಿದ್ದೆ. ಗುರುವಾರ ಅವಳ ಮೂರನೆಯ ಲೋಟ ಮುಗಿಯಿತು. ನನ್ನ ಕೈಗೆ ಮಡಚಿದ ಚೀಟಿ ಕೊಟ್ಟು, “ಬಾಟಲಿಗೆ ಹಾಕು. ನಿಂದೂ ಬೇಗ ಬರಿ ಕಣೋ, ಸುಮ್ನೆ ಕಾಯಿಸ್ಬೇಡ” ಎಂದಳು. ಭಾನುವಾರಕ್ಕೆ ಇನ್ನೂ ಸಮಯವಿದೆಯಲ್ಲ ಎಂದೆ. ಶನಿವಾರ ಅಕ್ಕ ಹೋದಳು.

ಮಾನ್ಯರೇ, ಇಲ್ಲಿಂದ ನನ್ನ ದೂರು. ಎರಡು ಚೀಟಿಯೂ ಬೀಳದೆ ಬಾಟಲಿ ತೆರೆಯುವಂತಿಲ್ಲ. ನನ್ನ ಚೀಟಿ ಬರೆಯಬೇಕಾದರೆ ತಮ್ಮ ಚಹಾದಲ್ಲಿ ರುಚಿ ಎಂಬುದು ಎಲ್ಲಿದೆ ಎಂದು ಪತ್ತೆಯಾಗಬೇಕು. ಪೆಟ್ಟಿಗೆಯ ಮೇಲೆ ಸ್ಟ್ರಾಬೆರಿ, ದ್ರಾಕ್ಷಿ, ಸೇಬು, ಕಿತ್ತಳೆ ಮೊದಲಾದ ಏಳು ಹಣ್ಣುಗಳು ಗುಂಪು ಫೋಟೋಕ್ಕೆ ನಿಂತ ಬಂಧುಗಳಂತೆ ಒತ್ತೊತ್ತಾಗಿವೆ. ಪೆಟ್ಟಿಗೆ ತೆರೆದರೆ ಏಳೂ ಹಣ್ಣುಗಳು ಒಟ್ಟಿಗೆ ಮೂಗಿಗೆ ಬರುತ್ತವೆ. ಬಿಸಿನೀರು ಬಿದ್ದ ಕೂಡಲೇ ಒಂದೂ ಉಳಿಯುವುದಿಲ್ಲ. ಕೆಲಸ ಹೇಳಿದಾಗ ಮಾಯವಾಗುವ ನೆಂಟರ ಹಾಗೆ. ಐದು ನಿಮಿಷ ನೆನೆಸಿದೆ, ಬಣ್ಣ ಬಂತು. ಹತ್ತು ನಿಮಿಷ ನೆನೆಸಿದೆ, ಇನ್ನಷ್ಟು ಬಣ್ಣ ಬಂತು. ಅರ್ಧ ಗಂಟೆ ನೆನೆಸಿದಾಗ ಚಮಚವೂ ಕೆಂಪಾಯಿತು, ರುಚಿ ಮಾತ್ರ ಹಳೆಯ ಪುಸ್ತಕದ ಲೇಬಲ್ಲು ನೆನೆಹಾಕಿದ ನೀರಿನದೇ. ಆ ನೀರಿನ ಪರಿಚಯ ನನಗೆ ಚೆನ್ನಾಗಿದೆ.

ಹಣ್ಣು ಚಹಾದ ಪುಟ್ಟ ಚೀಲದೊಳಗೇ ಅಡಗಿ ಕೂತಿದೆ ಎಂದು ನನ್ನ ವೃತ್ತಿಬುದ್ಧಿಗೆ ಹೊಳೆಯಿತು. ಚೀಲವನ್ನು ಎರಡು ರಟ್ಟಿನ ನಡುವೆ ಇಟ್ಟು ಬೈಂಡಿಂಗ್ ಪ್ರೆಸ್ಸಿಗೆ ಸೇರಿಸಿ, ಕೆಳಗೆ ಬಟ್ಟಲಿಟ್ಟು, ಶಕ್ತಿಯಿದ್ದಷ್ಟೂ ತಿರುಗಿಸಿದೆ. ಅದೇ ಪ್ರೆಸ್ಸಿನ ಕೆಳಗಿನ ಹಲಗೆಯಲ್ಲಿ ವಕೀಲರೊಬ್ಬರ ಕಾನೂನು ಸಂಪುಟ ಒಣಗುತ್ತಿದೆ ಎಂಬುದು ನೆನಪಿಗೆ ಬಂದಾಗ, ಆಸ್ತಿ ಹಕ್ಕಿನ ಅಧ್ಯಾಯವಿಡೀ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಟ್ಟಲಿಗೆ ಬಿದ್ದದ್ದು ಮೂರು ಹನಿ. ಸಂಪುಟ ಮಾತ್ರ ಇಂದಿಗೂ ಏಳು ಹಣ್ಣಿನ ವಾಸನೆ ಬೀರುತ್ತಿದೆ. ತಮ್ಮ ಚಹಾ ಕಾಗದದ ಮೇಲೆ ತೋರುವ ಪ್ರೀತಿಯನ್ನು ನೀರಿನ ಮೇಲೇಕೆ ತೋರುವುದಿಲ್ಲ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಕೆಳಗಿನ ಮನೆಯ ನರ್ಸಮ್ಮ ದಿನವೂ ನನ್ನನ್ನು ವಿಚಾರಿಸಲು ಬರುತ್ತಾರೆ. ಅವರಿಗೊಂದು ಲೋಟ ಕೊಟ್ಟೆ. ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ, “ಅಣ್ಣಾ, ಇದು ಕುಡಿಯೋಕಾ, ಗಾಯ ತೊಳೆಯೋಕಾ?” ಎಂದರು. ಅವರು ತಿಳಿದವರು, ಉಳಿದದ್ದನ್ನು ನಾನು ಅಂಟಿನ ಡಬ್ಬಿಗೆ ಸುರಿದೆ.

ಹೀಗೆ ಎರಡು ತಿಂಗಳಲ್ಲಿ ಹತ್ತೊಂಬತ್ತು ಚೀಲ ಮುಗಿದವು. ನ್ಯಾಯವಾಗಿ ಬರೆದರೆ ಸೊನ್ನೆ ಎಂದು ಎರಡನೆಯ ಚೀಲಕ್ಕೇ ತಿಳಿದಿತ್ತು. ಆದರೆ ಅದು ಅಕ್ಕನ ಕೊನೆಯ ರುಚಿ. ಅವಳು ಎಂಟೋ ಒಂಬತ್ತೋ ಕೊಟ್ಟಿದ್ದು ನಾನು ಸೊನ್ನೆ ಕೊಟ್ಟರೆ, ಆ ಜಗಳವನ್ನು ನಾನು ಯಾರ ಜೊತೆ ಆಡಿ ಮುಗಿಸಲಿ? ಆದ್ದರಿಂದ ಇಪ್ಪತ್ತನೆಯ ಚೀಲದಲ್ಲಾದರೂ ಒಂದು ಹಣ್ಣು, ಬೇಡ, ಒಂದು ಹಣ್ಣಿನ ಬೀಜ, ಅದೂ ಬೇಡ, ಹಣ್ಣಿನ ಮರದ ಕೆಳಗೆ ಒಮ್ಮೆ ನಡೆದುಹೋದವರ ಚಪ್ಪಲಿಯ ಧೂಳಾದರೂ ಇರಲಿ ಎಂದು ತಮ್ಮನ್ನೇ ನೆನೆದು ನಿನ್ನೆ ನೀರು ಕಾಯಿಸಿದೆ.

ಇರಲಿಲ್ಲ.

ಸೊನ್ನೆ ಎಂದು ಶಾಯಿಯಲ್ಲೇ ಬರೆದು ಬಾಟಲಿಗೆ ಹಾಕಿದೆ. ಭಾನುವಾರವೇ ಆಗಿತ್ತು. ನರ್ಸಮ್ಮನನ್ನು ಸಾಕ್ಷಿಗೆ ಕೂರಿಸಿಕೊಂಡು ನನ್ನದನ್ನು ಮೊದಲು ಓದಿದೆ. ಆಮೇಲೆ ಅಕ್ಕನ ಚೀಟಿ ಬಿಡಿಸಿದೆ. ಅದರಲ್ಲಿ ಅಂಕವೇ ಇರಲಿಲ್ಲ. ಕರಿಹಲಗೆಯ ಮೇಲೆ ಬರೆಯುತ್ತಿದ್ದಷ್ಟೇ ದುಂಡಗಿನ ಅಕ್ಷರದಲ್ಲಿ ‘ಅವನದು + ೧’ ಎಂದಿತ್ತು.

“ಹಂಗಾದ್ರೆ ಅಕ್ಕನಿಗೆ ಇದು ಹಿಡಿಸಿತ್ತೋ ಇಲ್ವೋ?” ಎಂದು ನರ್ಸಮ್ಮ ಕೇಳಿದರು. ನಾನು ಹಳೆಯ ಡೈರಿಗಳನ್ನು ಇಳಿಸಿ ಅವರ ಮಡಿಲಿಗೆ ಹಾಕಿದೆ. ಸೋಪು, ಬಿಸ್ಕತ್ತು, ದಿಂಬು, ಹದಿನಾರು ವರ್ಷದ ಅಂಕಗಳು. ಅವರು ಐದಾರು ಪುಟ ಮಗುಚಿ, ಬಾಯಿಗೆ ಸೆರಗು ಒತ್ತಿಕೊಂಡು ನಗಲು ಶುರು ಮಾಡಿದರು. ಅಕ್ಕ ಹೋದ ಮೇಲೆ ಆ ಕೋಣೆಯಲ್ಲಿ ನಾನೂ ನಕ್ಕದ್ದು ಅದೇ ಮೊದಲು.

ಆದುದರಿಂದ ನಮ್ಮ ಮನೆಯ ಅಂತಿಮ ತೀರ್ಪನ್ನು ವಿನಯಪೂರ್ವಕವಾಗಿ ತಿಳಿಸುತ್ತಿದ್ದೇನೆ: ತಮ್ಮ ಚಹಾಕ್ಕೆ ಒಟ್ಟು ಇಪ್ಪತ್ತಕ್ಕೆ ಒಂದು. ಆ ಒಂದು ತಮಗೆ ಬಂದದ್ದೆಂದು ತಾವು ದಯವಿಟ್ಟು ತಪ್ಪು ತಿಳಿಯಬಾರದು.

ಇಪ್ಪತ್ತು ಚೀಲಗಳ ನಂತರವೂ ತಮ್ಮ ವಿಶ್ವಾಸಿ,
ಬೈಂಡಿಂಗ್ ಅಂಗಡಿಯವನು

ತಾ.ಕ.: ಇನ್ನೂ ಹನ್ನೊಂದು ಪೆಟ್ಟಿಗೆ ಕಳುಹಿಸಿಕೊಡಬೇಕಾಗಿ ಕೋರಿಕೆ. ಕುಡಿಯುವುದಕ್ಕಲ್ಲ. ವಕೀಲರು ಬಂದು ಗುಲಾಬಿ ಸಂಪುಟವನ್ನು ಮೂಸಿ ನೋಡಿ, ಉಳಿದ ಹನ್ನೊಂದು ಸಂಪುಟಗಳಿಗೂ ಅದೇ ಆಗಬೇಕೆಂದು ಹೇಳಿಹೋಗಿದ್ದಾರೆ. ಅವರು ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ. ಅವರು ಚಹಾ ಕುಡಿದಿಲ್ಲ.